ಔಟ್‌ಬಾಕ್ಸ್‌ನಲ್ಲಿ ಸಿಕ್ಕಿಬಿದ್ದ ಮೂರು ವಾರ

“ನನ್ನ ಕೆಲಸ ಹೋಗ್ಲಿ ಅಂತಾನೇ ಕಾಯ್ತಾ ಇದ್ರಾ?”

ಮಾನಸ ಮೊಬೈಲನ್ನು ರೇವಂತ್‌ನ ಟೇಬಲ್ ಮೇಲೆ ಕುಕ್ಕಿದಳು. ಮಧುಗಿರಿಯ ಆ ಬೀಜದ ಕಂಪನಿಯಲ್ಲಿ ಕಂಪ್ಯೂಟರ್, ಮೇಲ್ ಎಲ್ಲಾ ನೋಡಿಕೊಳ್ಳುವವನು ಅವನೇ.

ಅವಳದು ಹೊಲ ಹೊಲ ತಿರುಗಿ ಬಿತ್ತನೆ ಕಡಲೆಕಾಯಿ ಪರೀಕ್ಷಿಸುವ ಕೆಲಸ. ದಿನಾ ಸಂಜೆ ಮೊಬೈಲಿನಿಂದಲೇ ವರದಿ ಕಳಿಸುತ್ತಿದ್ದಳು. ಮೂರು ವಾರದಿಂದ ಒಂದೂ ತಲುಪಿಲ್ಲವಂತೆ! ಸಂಜೆಯೊಳಗೆ ಬರದಿದ್ದರೆ ನಾಳೆಯಿಂದ ಬರಬೇಡ ಎಂದಿದ್ದರು ಮ್ಯಾನೇಜರ್ ಪರ್ವತಯ್ಯ.

“ಕಳಿಸಿದ್ರೆ ತಾನೇ ಬರೋದು?” ರೇವಂತ್ ಮುಖ ಎತ್ತಲಿಲ್ಲ. “ಪಾಸ್‌ವರ್ಡ್ ತಪ್ಪು ಹಾಕಿರ್ತೀರಿ.”

“ಎರಡು ಸಲ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿ ಅಂತ ಇಟ್ಬುಟ್ರಿ! ಈಗ ನಿಮ್ಮೆದುರಿಗೇ ಹಾಕ್ತೀನಿ, ನೋಡಿ.”

ಪಾಸ್‌ವರ್ಡ್ ಸರಿಯಿತ್ತು. ನೆಟ್‌ವರ್ಕೂ ಇತ್ತು. ಔಟ್‌ಬಾಕ್ಸ್‌ನಲ್ಲಿ ಹತ್ತೊಂಬತ್ತು ಮೇಲ್ ಹಾಗೇ ನಿಂತಿದ್ದವು.

“ಹೊಸ ಫೋನ್ ತಗೊಂಡಾಗಿಂದ ಇದೇ ಗೋಳು...”

ರೇವಂತ್‌ನ ಕೈ ನಿಂತಿತು. ಹೊಸ ಫೋನಿಗೆ ಮೇಲ್ ಹೋಗಬೇಕಾದರೆ ಅವನೇ ಸರ್ವರ್‌ನಲ್ಲಿ ಒಪ್ಪಿಗೆ ಕೊಡಬೇಕು. ಪಟ್ಟಿ ತೆರೆದ. ಅವಳ ಹೆಸರು ಇನ್ನೂ ಕಾಯುತ್ತಲೇ ಇತ್ತು.

“ತಪ್ಪು ನಂದು,” ಎಂದ. “ಅವತ್ತು ನಿಮ್ಮ ಹೆಸರು ನೋಡ್ದೆ. ನೋಡಿ... ಹಂಗೇ ಬಿಟ್ಟೆ.”

“ಬೇಕಂತಲೇ?!”

ಸಿಟ್ಟಿಗೆ ಅವಳ ಕಣ್ಣು ತುಂಬಿತು. ‘ಥೂ... ಕೆಲಸಕ್ಕೆ ಸೇರಿದಾಗ ಟ್ರೈನಿಂಗ್‌ನಲ್ಲಿ ಇವನ ಮಾತಿಗೆ ಮನಸೋತಿದ್ದೆನಲ್ಲಾ!’

ಅವನು ಒಪ್ಪಿಗೆ ಒತ್ತಿದ. ವರದಿಗಳು ಹೋದವು, ತಡೆದಿದ್ದ ಮೇಲ್‌ಗಳು ಒಂದರ ಹಿಂದೊಂದು ಬಂದವು.

“ಆ ಒಂದು ಓದ್ಬೇಡಿ, ಪ್ಲೀಸ್!” ಅವನು ಕೈ ಚಾಚಿದ. ಅವಳು ಫೋನ್ ಹಿಂದಕ್ಕೆಳೆದುಕೊಂಡಳು.

ಮೂರು ವಾರದ ಹಿಂದೆ ಅವನೇ ಬರೆದಿದ್ದ ಮೇಲ್. ‘ಮಾನಸ ಅವರೇ, ಎದುರಿಗೆ ಹೇಳೋಕೆ ಧೈರ್ಯ ಇಲ್ಲ. ನೀವು ಒಪ್ಪಿದ್ರೆ ಅಮ್ಮನ ಜೊತೆ ಪುರವರಕ್ಕೆ, ನಿಮ್ಮ ಮನೆಗೆ ಬರ್ತೀನಿ. ಇಷ್ಟ ಇಲ್ದಿದ್ರೆ ಉತ್ತರ ಬೇಡ.’

ಅವಳು ಅದನ್ನು ಎರಡು ಸಲ ಓದಿದಳು.

“ಉತ್ತರ ಬರ್ಲಿಲ್ಲ. ಆ ಸಿಟ್ಟಲ್ಲಿ...”

“ಫೋನೇ ಬದಲಾಗಿದೆ, ಮೇಲ್ ತಲುಪಿಲ್ಲ ಅಂತ ಹೊಳೀಲಿಲ್ವಾ? ಸಿಟ್ಟಿಗೆ ನನ್ನ ಅನ್ನ ಕಿತ್ಕೋತೀರಾ?”

ರೇವಂತ್ ಎದ್ದು ನೇರ ಪರ್ವತಯ್ಯನವರ ಮುಂದೆ ನಿಂತ.

“ಸಾರ್, ಅವರು ದಿನಾ ಕಳಿಸಿದ್ದಾರೆ. ತಡೆದಿದ್ದು ನಾನು. ನೋಟಿಸ್ ನನಗೆ ಕೊಡಿ.”

“ಕೊಡ್ದೆ ಬಿಡ್ತೀನೇನಯ್ಯಾ!” ಪರ್ವತಯ್ಯ ಗುಡುಗಿದರು. ಕೊಟ್ಟೂ ಬಿಟ್ಟರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನು ಅವಳಿಂದ ದೂರವೇ ನಿಂತಿದ್ದ.

“ನಾನಿನ್ನೂ ಕ್ಷಮಿಸಿಲ್ಲ,” ಎಂದಳು ಮಾನಸ.

“ಗೊತ್ತು.”

“ಕೋಪ ಬಂದ್ರೆ ಎದುರಿಗೆ ಬಂದು ಬೈಬೇಕು. ಹಿಂಗೆ ಹಿಂದಿನಿಂದ ತೀರಿಸ್ಕೋಬಾರ್ದು.”

“ಹೂಂ...”

ಪುರವರದ ಬಸ್ ಬಂತು. ಮೆಟ್ಟಿಲು ಹತ್ತಿದವಳು ತಿರುಗಿದಳು.

“ಭಾನುವಾರ ಅಮ್ಮನ್ನ ಕರ್ಕೊಂಡು ಬನ್ನಿ.”

ಅವನು ನಂಬಲಾರದೆ ನೋಡಿದ. “ಬೈಸ್ಕೊಳ್ಳೋಕಾ?”

“ಹೂಂ, ಮೊದಲು ಅದೇ!” ಅವಳು ನಕ್ಕೇಬಿಟ್ಟಳು. “ಆಮೇಲೆ... ಊಟಕ್ಕೆ.”