ಮೂರನೇ ಕೊಟೇಶನ್

1998ರ ನವೆಂಬರ್ 19, ಗುರುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ದೊಡ್ಡಬಳ್ಳಾಪುರ ಗ್ರಾಮಾಂತರ ಠಾಣೆಗೆ ಬಂದ ಆವತಿಯ ಆಂಜಿನಪ್ಪ, ಎಷ್ಟು ಹೇಳಿದರೂ ಬೆಂಚಿನ ಮೇಲೆ ಕೂರಲಿಲ್ಲ. ಸರ್ಕಾರಿ ಆಸ್ಪತ್ರೆಯ ಶವಾಗಾರದಿಂದ ನೇರ ನಡೆದುಕೊಂಡೇ ಬಂದಿದ್ದ. ಅವನ ಒಬ್ಬನೇ ಮಗ ಕಾಂತರಾಜು, ಇಪ್ಪತ್ತನಾಲ್ಕರ ಹುಡುಗ, ಅವತ್ತು ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಕಾರ್ಖಾನೆಯ ಸರಕು ಲಿಫ್ಟಿನ ಜೊತೆ ಕೆಳಕ್ಕೆ ಬಿದ್ದು ಸತ್ತಿದ್ದ.

ಇನ್‌ಸ್ಪೆಕ್ಟರ್ ನರಸಿಂಹಯ್ಯ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಎಷ್ಟೋ ಅಪ್ಪಂದಿರನ್ನು ನೋಡಿದ್ದರು. ಆದರೂ ಮೊದಲ ಪ್ರಶ್ನೆ ಪ್ರತಿ ಸಲವೂ ಅವರಿಗೆ ಕಷ್ಟವೇ.

"ಯಾರ ಮೇಲಪ್ಪಾ ದೂರು?"

"ಯಾರ ಮೇಲೆ ಅಂತ ಗೊತ್ತಿದ್ರೆ ನಿಮ್ ತಾವ ಯಾಕ್ ಬತ್ತಿದ್ದೆ ಸ್ವಾಮಿ? ಆ ಲಿಫ್ಟು ಮೊನ್ನೆ ಭಾನುವಾರ ತಾನೇ ರಿಪೇರಿ ಆಗಿತ್ತಂತೆ. ನಾಕೇ ದಿನಕ್ಕೆ ಬಿತ್ತಲ್ಲ! ಅಂಥ ರಿಪೇರಿಗೆ ಹೂಂ ಅಂದೋನು ಯಾವನು? ನಂಗೆ ಅವನ ಮುಖ ನೋಡ್ಬೇಕು. ಇನ್ನೇನೂ ಬ್ಯಾಡ."

ಹೆಡ್ ಕಾನ್‌ಸ್ಟೇಬಲ್ ಚೌಡೇಶ್ ದೂರು ಬರೆದು ಓದಿ ಹೇಳಿದ. ಆಂಜಿನಪ್ಪ ಹೆಬ್ಬೆಟ್ಟು ಒತ್ತಿದ. ಐಪಿಸಿ ಕಲಂ 304-ಎ, ನಿರ್ಲಕ್ಷ್ಯದಿಂದ ಸಾವು. ಆರೋಪಿಯ ಹೆಸರಿರಬೇಕಾದ ಜಾಗದಲ್ಲಿ 'ತಿಳಿದುಬಂದಿಲ್ಲ' ಎಂದು ಬರೆದು ಎಫ್‌ಐಆರ್ ದಾಖಲಾಯಿತು.

ನಾಲ್ಕೂವರೆಗೆ ಇಬ್ಬರೂ ಜೀಪಿನಲ್ಲಿ ಬಾಶೆಟ್ಟಿಹಳ್ಳಿ ಕಡೆಗೆ ಹೊರಟರು. ಮಗ್ಗದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದು. ಕೆಳಗೆ ಬಣ್ಣದ ತೊಟ್ಟಿಗಳು, ಮೇಲೆ ಬಟ್ಟೆ ಒಣಗಿಸುವ ಅಂತಸ್ತು. ನಡುವೆ ಒದ್ದೆ ಬಟ್ಟೆಯ ಗಂಟುಗಳನ್ನು ಏರಿಸುವುದಕ್ಕೆ ಒಂದು ಲಿಫ್ಟು. ಅದರಲ್ಲಿ ಮನುಷ್ಯರು ಹತ್ತಬಾರದು ಅಂತ ಬೋರ್ಡಿತ್ತು. ಹತ್ತದವರು ಯಾರೂ ಇರಲಿಲ್ಲ.

ಪಂಚರ ಮುಂದೆ ಪಂಚನಾಮೆ ನಡೆಯಿತು. ಉಕ್ಕಿನ ಹಗ್ಗ ಹರಿದಿತ್ತು. ತುದಿಯ ಎಳೆಗಳನ್ನು ಬೆರಳಲ್ಲಿ ಉಜ್ಜಿದರೆ ತುಕ್ಕು ಪುಡಿ ಉದುರುತ್ತಿತ್ತು. ಬ್ರೇಕ್ ಮಾತ್ರ ಹೊಚ್ಚ ಹೊಸದು.

"ಹಗ್ಗ ತುಕ್ಕು ತಿಂದೈತೆ, ಬ್ರೇಕ್ ಬದಲಾಯಿಸವ್ರೆ. ಯಾವ ಸೀಮೆ ರಿಪೇರಿ ಸಾರ್ ಇದು?" ಅಂದ ಚೌಡೇಶ್.

"ಅದನ್ನೇ ಕೇಳೋಣ ನಡಿ," ಅಂದರು ನರಸಿಂಹಯ್ಯ.

ಮ್ಯಾನೇಜರ್ ಕೋದಂಡರಾಮಯ್ಯ ಅವರನ್ನು ಕೋಣೆಗೆ ಕರೆದು ಕೂರಿಸಿದರು. ಕಾಫಿ ತರಿಸಿದರು. ಯಾರೂ ಮುಟ್ಟಲಿಲ್ಲ.

"ರಿಪೇರಿ ಯಾರಿಗೆ ಕೊಟ್ರಿ?"

"ಪಾಪಯ್ಯ ಅಂತ ಕಂಟ್ರಾಕ್ಟರ್. ಆದರೆ ಸಾರ್, ನಾನು ಕೊಟ್ಟಿದ್ದಲ್ಲ."

"ಮತ್ತೆ?"

"ಕಂಪ್ಯೂಟರ್ ಕೊಟ್ಟಿದ್ದು."

ನರಸಿಂಹಯ್ಯನವರಿಗೆ ರೇಗಿಹೋಯಿತು. "ಏನ್ರೀ, ನಾನು ಕಂಪ್ಯೂಟರ್‌ಗೆ ಕೋಳ ಹಾಕಲಾ?"

ಮ್ಯಾನೇಜರ್ ಕಣ್ಣೊರೆಸಿಕೊಂಡು ಪಕ್ಕದ ಕೋಣೆಯ ಕವಿತಳನ್ನು ಕರೆದರು. ಆ ವರ್ಷ ಯುಗಾದಿ ಕಳೆದ ಮೇಲೆ ಕಾರ್ಖಾನೆಗೆ ಬಂದಿದ್ದ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತೆ ಅವಳು. ಇನ್‌ಸ್ಪೆಕ್ಟರ್ ಆ ಪೆಟ್ಟಿಗೆಯ ಮುಂದೆ ಕೂತರು. ಮಗನ ಶಾಲೆಯಲ್ಲಿ ಒಮ್ಮೆ ದೂರದಿಂದ ನೋಡಿದ್ದು ಬಿಟ್ಟರೆ ಅವರಿಗೂ ಅದಕ್ಕೂ ಪರಿಚಯವೇ ಇರಲಿಲ್ಲ.

"ನಂಗೆ ಇದೆಲ್ಲ ಬರಲ್ಲಮ್ಮ. ಅಂಗನವಾಡಿ ಮಗೂಗೆ ಹೇಳ್ಕೊಡೋ ಹಾಗೆ ಹೇಳು."

ಕವಿತ ಹೇಳಿದಳು. ಯಾವುದಾದರೂ ಯಂತ್ರ ಕೆಟ್ಟರೆ ಅದಕ್ಕೊಂದು ವರ್ಕ್ ಆರ್ಡರ್ ತೆರೆಯಬೇಕು. ಕಂಟ್ರಾಕ್ಟರುಗಳು ಕೊಟ್ಟ ಕೊಟೇಶನ್‌ಗಳನ್ನೆಲ್ಲ ಅವಳು ಅದರೊಳಗೆ ಟೈಪ್ ಮಾಡುತ್ತಾಳೆ. ಮ್ಯಾನೇಜರ್ ತಮ್ಮ ಗುಪ್ತಪದ ಹಾಕಿ ಒಳಗೆ ಹೋಗಿ, ಎಲ್ಲ ಓದಿ, ಒಂದನ್ನು ಒಪ್ಪುತ್ತಾರೆ. ಉಳಿದವನ್ನು ಯಾಕೆ ಬೇಡ ಅಂದೆವು ಅಂತ ಕಾರಣ ಬರೆಯದಿದ್ದರೆ ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ. ಒಪ್ಪಿದ ಮೇಲೆ ಆರ್ಡರ್ ಅಚ್ಚಾಗಿ ಬರುತ್ತದೆ. ಆ ಕಾಗದ ತೋರಿಸಿದರೆ ಗೇಟಿನವರು ಕಂಟ್ರಾಕ್ಟರನ್ನು ಒಳಗೆ ಬಿಡುತ್ತಾರೆ.

ಲಿಫ್ಟಿಗೆ ಮೂರು ಕೊಟೇಶನ್ ಬಂದಿದ್ದವು. ಮೊದಲ ಎರಡರಲ್ಲೂ ಹಗ್ಗ, ಬ್ರೇಕ್ ಎರಡನ್ನೂ ಬದಲಿಸಿ ಭಾರ ಹಾಕಿ ಪರೀಕ್ಷೆ ಮಾಡುತ್ತೇವೆ, ಸೋಮವಾರದಿಂದ ನಾಲ್ಕು ದಿನ ಲಿಫ್ಟ್ ನಿಲ್ಲಿಸಬೇಕು ಎಂದಿತ್ತು. ಮೂರನೆಯದು ಪಾಪಯ್ಯನದು. ಭಾನುವಾರ ಒಂದೇ ದಿನ, ಬ್ರೇಕ್ ಮಾತ್ರ. ಹಗ್ಗ ನಮಗೆ ಸಂಬಂಧವಿಲ್ಲ ಅಂತ ಅವನು ಸ್ಪಷ್ಟವಾಗಿಯೇ ಬರೆದಿದ್ದ.

"ಒಪ್ಪಿರೋದು ಯಾವುದನ್ನ?"

"ಮೂರನೇದು ಸಾರ್. ನವೆಂಬರ್ ಹನ್ನೊಂದು, ಬುಧವಾರ, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ. ಮ್ಯಾನೇಜರ್ ಹೆಸರಲ್ಲೇ ಇದೆ."

"ನಾನು ಅವತ್ತು ಬಾಂಬೆಯಲ್ಲಿದ್ದೆ ಸಾರ್!" ಕೋದಂಡರಾಮಯ್ಯ ಚೀಲದಿಂದ ರೈಲು ಟಿಕೆಟ್ ತೆಗೆದಿಟ್ಟರು. "ಮೊದಲನೇದನ್ನೇ ಒಪ್ಪೋಣ ಅಂತ ಫೈಲಲ್ಲಿ ಬರೆದು ಹೋಗಿದ್ದೆ. ಬಂದು ನೋಡಿದ್ರೆ ರಿಪೇರಿ ಮುಗಿದು ಲಿಫ್ಟು ಓಡ್ತಿದೆ. ಹೆಡ್ ಆಫೀಸಿನವರೇ ಬದಲಾಯಿಸಿರಬೇಕು, ಕಂಪ್ಯೂಟರೇ ಒಪ್ಪಿದ ಮೇಲೆ ನಂದೇನು ಅಂತ ಸುಮ್ಮನಾಗ್ಬಿಟ್ಟೆ."

"ಗುಪ್ತಪದ ಯಾರಿಗೆ ಗೊತ್ತು?"

ಮ್ಯಾನೇಜರ್ ರೈಲು ಟಿಕೆಟ್ ಮಡಚತೊಡಗಿದರು. ಉತ್ತರ ಕವಿತಳಿಂದ ಬಂತು. "ಎಲ್ಲರಿಗೂ ಗೊತ್ತು ಸಾರ್. ಅವರ ಮಗಳ ಹೆಸರು, ಮೇಘನ."

ಗುಪ್ತಪದವಂತೆ! ನರಸಿಂಹಯ್ಯ ನಿಟ್ಟುಸಿರು ಬಿಟ್ಟು, ಬೇಡ ಅಂದ ಎರಡಕ್ಕೂ ಏನು ಕಾರಣ ಬರೆದಿದೆ ಅಂತ ಕೇಳಿದರು. ಎರಡಕ್ಕೂ ಒಂದೇ ಕಾರಣವಿತ್ತು. ನಾಲ್ಕು ದಿನ ನಿಲ್ಲಿಸಲು ಸಾಧ್ಯವಿಲ್ಲ.

ಶುಕ್ರವಾರವೆಲ್ಲ ಆ ಮಾತು ಅವರ ತಲೆಯಲ್ಲಿ ಕೊರೆಯುತ್ತಿತ್ತು. ಬೆಳಗ್ಗೆ ಪಾಪಯ್ಯನನ್ನು ಕರೆಸಿ ಎರಡು ಗಂಟೆ ವಿಚಾರಿಸಿದರು. "ಅವರು ಕೇಳಿದ್ದು ಮಾಡ್ದೆ ಸಾರ್, ಕಾಗದ ನೋಡಿ," ಅನ್ನುವುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಹೊರಡಲಿಲ್ಲ. ಯಾರಿಗಾದರೂ ಏನಾದರೂ ಕೊಟ್ಟಿದ್ದ ಸುಳಿವೂ ಸಿಗಲಿಲ್ಲ.

"ಚೌಡೇಶ, ಲಿಫ್ಟು ನಾಲ್ಕು ದಿನ ನಿಂತಿದ್ರೆ ಯಾರಿಗೆ ತೊಂದರೆ ಆಗ್ತಿತ್ತಯ್ಯಾ?"

"ಮಾಲೀಕರಿಗಲ್ವಾ ಸಾರ್?"

"ಮ್ಯಾನೇಜರೇ ನಿಲ್ಲಿಸೋಣ ಅಂತ ಬರೆದವ್ರೆ. ಮಾಲೀಕರಿಗೇನೂ ತೊಂದರೆಯಿಲ್ಲ."

ಚೌಡೇಶ್ ನೇಕಾರರ ಮನೆಯವನು. ಅವನ ಅಣ್ಣತಮ್ಮಂದಿರು ಇಂಥ ಕಾರ್ಖಾನೆಗಳಲ್ಲೇ ಸವೆದವರು. ಅವನು ಹೇಳಿದ. "ಸಾರ್, ಲಿಫ್ಟು ನಿಂತರೆ ಗಂಟು ಹೊರೋ ಟೆಂಪರರಿ ಹುಡುಗರನ್ನ ಮನೆಗೆ ಕಳಿಸ್ತಾರೆ. ವರ್ಷದೊಳಗೆ ಇನ್ನೂರ ನಲವತ್ತು ದಿನ ತುಂಬಿದ್ರೆ ಖಾಯಂ ಮಾಡ್ಬೇಕಾಗುತ್ತೆ ಅಂತ ಇಲ್ಲೆಲ್ಲ ಒಂದು ಲೆಕ್ಕ ಐತೆ. ಅದು ತುಂಬೋ ಮುಂಚೆ ಏನಾದ್ರೂ ನೆಪ ತೆಗೆದು ಕೆಲಸದಿಂದ ಬಿಡಿಸ್ತಾರೆ, ಅದಕ್ಕೆ ಬ್ರೇಕ್ ಕೊಡೋದು ಅಂತಾರೆ. ಆಮೇಲೆ ಹೊಸಬರ ಹಾಗೆ ಒಂದನೇ ದಿನದಿಂದ ಶುರು."

ನರಸಿಂಹಯ್ಯ ತಟ್ಟನೆ ಎದ್ದರು. "ಹಾಜರಿ ಪುಸ್ತಕ!"

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹಾಜರಿ ಪುಸ್ತಕವನ್ನು ಜಪ್ತಿ ಮಾಡಿದರು. ಅದನ್ನು ಬರೆಯುತ್ತಿದ್ದವನು ನಿರ್ವಹಣೆ ವಿಭಾಗದ ಸೂಪರ್‌ವೈಸರ್ ಯೋಗಾನಂದ. ಗಂಟು ಹೊರುವವರ ಪುಟದಲ್ಲಿ ಒಂದೇ ಒಂದು ಹೆಸರಿನ ಮುಂದೆ, ದಿನವೂ ಪೆನ್ಸಿಲ್‌ನಲ್ಲಿ ಸಣ್ಣಗೆ ಅಂಕಿ ಹಾಕಿತ್ತು. ಕಾಂತರಾಜು. ಹನ್ನೊಂದನೇ ತಾರೀಕು 234. ಭಾನುವಾರ ಬಿಟ್ಟು ಹದಿನೆಂಟನೇ ತಾರೀಕು, ಸಾಯುವ ಹಿಂದಿನ ದಿನ, 240. ಆ ಅಂಕಿಯ ಸುತ್ತ ಒಂದು ಗೆರೆ ಎಳೆದಿತ್ತು.

ನರಸಿಂಹಯ್ಯ ಆ ಅಂಕಿಗಳನ್ನು ಇನ್ನೊಮ್ಮೆ ಎಣಿಸಿದರು. ಆದರೆ ಪೆನ್ಸಿಲ್ ಅಂಕಿಯನ್ನೇ ಹಿಡಿದು ಯಾರನ್ನೂ ಬಂಧಿಸುವ ಹಾಗಿರಲಿಲ್ಲ. ಮತ್ತೆ ಕವಿತಳ ಪಕ್ಕ ಹೋಗಿ ಕೂತರು.

"ಇದೇ ಲಿಫ್ಟಿಗೆ ಬೇರೆ ಯಾವುದಾದ್ರೂ ಆರ್ಡರ್ ಇದೆಯಾ ನೋಡಮ್ಮ."

ಅವಳು ಹುಡುಕಿ, ಬೆಚ್ಚಿ ಅವರ ಮುಖ ನೋಡಿದಳು. "ಇದೆ ಸಾರ್. ಹಗ್ಗ ಬದಲಿಸಬೇಕು, ತುರ್ತು ಅಂತ. ಗುರುವಾರ ಬೆಳಗ್ಗೆ ಒಂಬತ್ತೂ ಐದಕ್ಕೆ ತೆರೆದಿದ್ದಾರೆ. ಯೋಗಾನಂದ್ ಸಾರ್ ಹೆಸರಲ್ಲಿ."

ಲಿಫ್ಟ್ ಬಿದ್ದಿದ್ದು ಹತ್ತೂ ಇಪ್ಪತ್ತಕ್ಕೆ.

ಯೋಗಾನಂದ ನಲವತ್ತೆಂಟು ದಾಟಿದವನು. ಎರಡು ದಿನದ ಗಡ್ಡ. ಕಂಪ್ಯೂಟರಿನಿಂದ ತೆಗೆಸಿದ ಎರಡು ಕಾಗದಗಳನ್ನೂ ನರಸಿಂಹಯ್ಯ ಅವನ ಮುಂದಿಟ್ಟರು.

"ಭಾನುವಾರ ರಿಪೇರಿಯಾದ ಲಿಫ್ಟಿಗೆ ಗುರುವಾರ ಮತ್ತೆ ಯಾಕ್ರೀ ಆರ್ಡರ್?"

ಅವನು ಎರಡನೇ ಕಾಗದವನ್ನು ಬೆರಳಿನಿಂದ ಸವರಿದ.

"ಹಗ್ಗ ಹೋಗಿದೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಸಾರ್."

"ಹನ್ನೊಂದನೇ ತಾರೀಕು ಮ್ಯಾನೇಜರ್ ಹೆಸರಲ್ಲಿ ಪಾಪಯ್ಯನದನ್ನ ಒಪ್ಪಿದ್ದು?"

"ನಾನೇ. ಎಲ್ಲ ಊಟಕ್ಕೆ ಹೋಗಿದ್ರು. ಅರ್ಧ ಭಾರ ಮಾತ್ರ ಹಾಕ್ರೋ, ಯಾರೂ ಹತ್ತಬೇಡ್ರೋ ಅಂತ ಹುಡುಗರಿಗೆ ದಿನಾ ಹೇಳ್ತಿದ್ದೆ. ಕಾಂತರಾಜುದು ಇನ್ನೂರ ನಲವತ್ತು ತುಂಬಿದ ಮಾರನೇ ಬೆಳಗ್ಗೆ ಬಂದೋನೇ ಹಗ್ಗದ ಆರ್ಡರ್ ಹಾಕ್ದೆ. ಇವತ್ತೇ ಲಿಫ್ಟ್ ನಿಲ್ಲಿಸ್ತೀನಿ ಅಂತ ಮ್ಯಾನೇಜರ್‌ಗೆ ಹೇಳೋಕೆ ಅವರ ಬಾಗಿಲಲ್ಲಿ ಕಾಯ್ತಾ ಇದ್ದೆ ಸಾರ್. ಆಗ ಸದ್ದು ಕೇಳ್ತು."

"ಮೊದಲು ನಿಲ್ಲಿಸಿ ಆಮೇಲೆ ಹೋಗಿ ಹೇಳ್ಬಾರ್ದಿತ್ತೇನ್ರೀ?"

ಯೋಗಾನಂದ ಕಾಗದವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ. "ಖಾಯಂ ಆಯ್ತು ಅನ್ನೋ ಹುರುಪು ಅವನಿಗೆ. ಪೂರ್ತಿ ಭಾರ ಹಾಕ್ಕೊಂಡು ತಾನೂ ಹತ್ತಿಬಿಟ್ಟ. ಹಿಂದಿನ ಸಂಜೆ ನಂಗೆ ಮೈಸೂರ್ ಪಾಕ್ ತಂದ್ಕೊಟ್ಟಿದ್ದ ಸಾರ್. ಇನ್ನೂ ಡ್ರಾಯರಲ್ಲೇ ಇದೆ."

"ಅವನು ಕೇಳಿದ್ನಾ, ಹೀಗೆ ಮಾಡಿ ಅಂತ?"

"ಇಲ್ಲ. ಯಾರೂ ಕೇಳ್ಲಿಲ್ಲ. ನಾನೇ ಮಾಡಿದ್ದು."

"ಯಾಕೆ?"

"ನಂಗೂ ಇದೇ ಊರಲ್ಲಿ ಆರು ಸಲ ಬ್ರೇಕ್ ಕೊಟ್ಟವ್ರೆ ಸಾರ್. ಕೊನೇ ಸಲ ಬಂದು ಹೇಳಿದಾಗ ನಮ್ಮಮ್ಮ ಒಲೆ ಮುಂದಿಂದ ಏಳಲೇ ಇಲ್ಲ. ಅವನಿಗೆ ಹೋದ ವರ್ಷ ಇನ್ನೂರ ಮೂವತ್ತಮೂರನೇ ದಿನಕ್ಕೆ ಬ್ರೇಕ್ ಕೊಟ್ಟಿದ್ರು."

ಹನ್ನೊಂದೂವರೆಗೆ ಬಂಧನ ದಾಖಲಾಯಿತು. ಬೇರೆಯವರ ಹೆಸರಿನಲ್ಲಿ ಗುಂಡಿ ಒತ್ತಿದ್ದಕ್ಕೆ ಯಾವ ಕಲಂ ಹಾಕಬೇಕು ಅಂತ ನರಸಿಂಹಯ್ಯನವರಿಗೂ ತಿಳಿಯಲಿಲ್ಲ, ಫೋನಿನಲ್ಲಿ ಕೇಳಿದ ಸರ್ಕಾರಿ ವಕೀಲರಿಗೂ ತಿಳಿಯಲಿಲ್ಲ. ಸದ್ಯಕ್ಕೆ 304-ಎ ಒಂದೇ ಉಳಿಯಿತು. ಜಾಮೀನು ಸಿಗುವ ಕೇಸು. ಆದರೆ ಯೋಗಾನಂದ ಜಾಮೀನಿನ ಮಾತೇ ಎತ್ತಲಿಲ್ಲ.

ಒಂದು ಗಂಟೆಗೆ ಆಂಜಿನಪ್ಪ ಬಂದ. ಮಗನ ಊಟದ ಡಬ್ಬಿ, ಬಸ್ ಪಾಸು ವಾಪಸು ತೆಗೆದುಕೊಳ್ಳಲು ಠಾಣೆಯಿಂದ ಹೇಳಿ ಕಳಿಸಿದ್ದರು. ಸಹಿಯ ಪುಸ್ತಕದ ಮೇಲೆ ಬಗ್ಗಿದವನು ಬೆಂಚಿನ ಮೇಲೆ ಕೂತಿದ್ದವನನ್ನು ನೋಡಿದ.

"ಯೋಗಾನಂದಣ್ಣ? ನೀನ್ಯಾಕೆ ಇಲ್ಲಿ?"

ಯೋಗಾನಂದ ಮುಖ ತಿರುಗಿಸಿಕೊಂಡ. ನರಸಿಂಹಯ್ಯ ಎದ್ದು ಬಂದು, ಎಷ್ಟು ಬೇಕೋ ಅಷ್ಟೇ ಹೇಳಿದರು. ಆ ರಿಪೇರಿಗೆ ಹೂಂ ಅಂದವನು ಇವನೇ. ತಾನಾಗಿಯೇ ಮಾಡಿದೆ, ಯಾರೂ ಕೇಳಲಿಲ್ಲ ಅಂತ ಒಪ್ಪಿಕೊಂಡಿದ್ದಾನೆ.

ಆಂಜಿನಪ್ಪ ಪುಸ್ತಕ ಬಿಟ್ಟು ಅವನ ಎದುರು ಬಂದು ನಿಂತ. ಎರಡು ದಿನದಿಂದ ಯಾವ ಮುಖ ಕಾಣಬೇಕು ಅಂತಿದ್ದನೋ ಆ ಮುಖವನ್ನೇ ಬಹಳ ಹೊತ್ತು ನೋಡಿದ.

"ಸುಳ್ಳು ಹೇಳ್ತಾವ್ನೆ ಸ್ವಾಮಿ," ಅಂದ.

"ಆಂಜಿನಪ್ಪಣ್ಣ, ಸುಮ್ಕಿರು," ಅಂದ ಯೋಗಾನಂದ. ಅವನ ದನಿ ಒಡೆದಿತ್ತು.

"ನಮ್ ಹುಡುಗ ಇವನ ಕಾಲು ಹಿಡ್ಕಂಡಿದ್ದ ಸ್ವಾಮಿ. ಲಿಫ್ಟು ನಾಕು ದಿನ ನಿಲ್ಲತ್ತೆ, ಈ ಸಲಾನೂ ಕಿತ್ತಾಕ್ತಾರೆ ಕಣಪ್ಪಾ ಅಂತ ಮನೇಲಿ ಅನ್ನ ಬಿಟ್ಟು ಕೂತ್ಬಿಟ್ಟ. ನಾಚ್ಕೆ ಬಿಟ್ಟು ಹೋಗಿ ಕೇಳೋ, ಕಾಲಾದ್ರೂ ಹಿಡ್ಕೋ ಅಂದೋನು ನಾನು. ನಾನೇ ಕಳ್ಸಿದ್ದು."

ಚೌಡೇಶ್ ಕಣ್ಣು ತುಂಬಿಕೊಂಡು ಕಿಟಕಿಯತ್ತ ತಿರುಗಿದ. ನರಸಿಂಹಯ್ಯನವರಿಗೆ ಈ ಮಾತು ಕಿವಿಗೆ ಬೀಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ಬರ್ಕೊಳ್ಳಿ ಸ್ವಾಮಿ," ಅಂದ ಆಂಜಿನಪ್ಪ. "ಮೊನ್ನೆ ಯಾವನು ಅಂತ ಗೊತ್ತಿಲ್ಲ ಅಂತ ಬರೆಸಿದ್ದೆ. ಈಗ ಗೊತ್ತಾಯ್ತಲ್ಲ."

ನರಸಿಂಹಯ್ಯ ಪೂರಕ ಹೇಳಿಕೆಯ ಹಾಳೆ ತೆಗೆದುಕೊಂಡು ತಾವೇ ಬರೆಯಲು ಕೂತರು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ಅಷ್ಟರಲ್ಲಿ ಆಂಜಿನಪ್ಪ ಬಂದು ಮೊದಲ ಸಲ ಆ ಬೆಂಚಿನ ಮೇಲೆ, ಯೋಗಾನಂದನ ಪಕ್ಕದಲ್ಲಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಇನ್ನೂರ ನಲವತ್ತು ತುಂಬಿತ್ತಾ ಯೋಗಾನಂದಣ್ಣ?" ಅಂತ ಕೇಳಿದ.

"ತುಂಬಿತ್ತು ಅಣ್ಣ."