ಮೇಲಿನ ರೂಮಿಗೆ ನೆಟ್

ಬಾಗಿಲು ತೆಗೆದವನು ದಿಲೀಪ.

ಅರಕಲಗೂಡಿನ ಆ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿ, ಟೂಲ್ ಬ್ಯಾಗ್ ಹೆಗಲಿಗೇರಿಸಿ ಬೆಲ್ ಒತ್ತುವವರೆಗೂ ಅದು ಅವನ ಮನೆ ಅಂತ ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಪ್ರೀತಿಸುತ್ತಿರುವ ಹುಡುಗನ ಮನೆ ಯಾವ ಬೀದಿಯಲ್ಲಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ! ಕೇಳಿದಾಗಲೆಲ್ಲ "ಬಸ್ ಸ್ಟ್ಯಾಂಡಿಂದ ಸ್ವಲ್ಪ ಮುಂದೆ" ಅಂತ ತೇಲಿಸಿಬಿಡುತ್ತಿದ್ದ.

ನನ್ನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಭಾನು... ನೀನಿಲ್ಲಿ?"

"ವೈಫೈ ಸರಿ ಮಾಡಬೇಕು ಅಂತ ಅಂಗಡಿಗೆ ಫೋನ್ ಬಂದಿತ್ತು. ಕೃಷ್ಣಪ್ಪ ಅಂತ ಹೆಸರು ಹೇಳಿದ್ರಂತೆ."

"ನಮ್ಮಪ್ಪ," ಅಂದ.

ಒಳಗಿನಿಂದ ಗಡಸು ದನಿ ಬಂತು. "ಯಾರ್ಲಾ ಅದು?"

ದಿಲೀಪ ಒಮ್ಮೆ ಒಳಗೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಜೋರಾಗಿ ಹೇಳಿದ: "ನೆಟ್ ಹಾಕೋರು ಬಂದವ್ರೆ ಕಣಪ್ಪ."

ನೆಟ್ ಹಾಕೋರು. ಹೌದು, ಸುಳ್ಳೇನಲ್ಲ. ಹಾಸನದಲ್ಲಿ ನಾನು ಮತ್ತು ನನ್ನ ಅಣ್ಣ ಕೀರ್ತಿರಾಜ್ ಸೇರಿ ವೈಫೈ, ಸಿಸಿಟಿವಿ ಅಂಗಡಿ ನಡೆಸುತ್ತೇವೆ. ನಾನು ಡಿಪ್ಲೊಮಾ ಮಾಡಿದ್ದೇ ಎಲೆಕ್ಟ್ರಾನಿಕ್ಸಲ್ಲಿ. ದಿಲೀಪ ಸಿಕ್ಕಿದ್ದೂ ಹೀಗೇ. ಅವನು ಗಣಿತ ಪಾಠ ಮಾಡುವ ಪಿಯು ಕಾಲೇಜಿಗೆ ಕೇಬಲ್ ಎಳೆಯಲು ಹೋಗಿದ್ದೆ. ಏಣಿ ಅಲುಗಾಡುತ್ತಿತ್ತು. ಯಾರೂ ಹೇಳದೆಯೇ ಬಂದು ಹಿಡಿದುಕೊಂಡ. ನಾನು ಇಳಿಯುವವರೆಗೂ ತಲೆ ಎತ್ತಿ ಮೇಲೆ ನೋಡಲಿಲ್ಲ. ಆ ಮರ್ಯಾದೆಗೇ ನಾನು ಸೋತಿದ್ದು.

ಇವತ್ತೂ ಅವನು ಹಾಗೇ ತಲೆ ಬಗ್ಗಿಸಿಕೊಂಡು ನಿಂತಿದ್ದ. ಇವತ್ತಿನದು ಮರ್ಯಾದೆ ಆಗಿರಲಿಲ್ಲ.

ಕೃಷ್ಣಪ್ಪನವರು ಹಾಲ್‌ನ ಸೋಫಾದಲ್ಲಿ ಕೂತಿದ್ದರು. ನನ್ನನ್ನು ಕಂಡು ಹುಬ್ಬೇರಿಸಿದರು. "ಹೆಣ್ ಮಗಳ್ನ ಕಳ್ಸವ್ರಲ್ಲಪ್ಪ! ಮಾಡ್ತೀಯೇನವ್ವ?"

"ಮಾಡ್ತೀನಿ ಸಾ. ಏನ್ ತೊಂದ್ರೆ?"

"ಹಾಲ್‌ನಲ್ಲಿ ಚೆನ್ನಾಗಿ ಬತ್ತದೆ. ಮೇಲಿನ ರೂಮ್‌ಗೆ ಒಂಚೂರೂ ಬರಲ್ಲ. ವೈರ್ ಎಳಿಯಂಗಿಲ್ಲ, ಹೊಸಾ ಪೈಂಟು. ಗ್ವಾಡೆಗೆ ಒಂದ್ ತೂತು ಬೀಳಂಗಿಲ್ಲ. ನೋಡು."

"ಪವರ್‌ಲೈನ್ ಅಡಾಪ್ಟರ್ ಹಾಕ್ತೀನಿ ಸಾ. ಎರಡು ಡಬ್ಬಿ. ಒಂದನ್ನ ಇಲ್ಲಿ ರೂಟರ್ ಪಕ್ಕದ ಪ್ಲಗ್‌ಗೆ, ಇನ್ನೊಂದನ್ನ ಮೇಲಿನ ರೂಮಿನ ಪ್ಲಗ್‌ಗೆ. ಗೋಡೆ ಒಳಗಿರೋ ಕರೆಂಟ್ ವೈರ್‌ನಲ್ಲೇ ನೆಟ್ ಹೋಗುತ್ತೆ. ತೂತು ಬೇಡ."

"ಭೇಷ್! ಭಾನ್ವಾರದೊಳ್ಗೆ ಆಗ್ಬೇಕು. ಚನ್ನರಾಯಪಟ್ಟಣದಿಂದ ಹೆಣ್ಣಿನ ಕಡೆಯೋರು ಮನೆ ನೋಡಕ್ಕೆ ಬತ್ತಾವ್ರೆ. ಹುಡ್ಗಿ ಮನೇಲೇ ಕುಂತು ಕಂಪ್ಯೂಟರ್ ಕೆಲ್ಸ ಮಾಡ್ತಾಳಂತೆ. ಸೊಸೆ ಬಂದ್ಮೇಲೆ ನೆಟ್ ಇಲ್ಲ ಅನ್ನಂಗಾಗ್ಬಾರ್ದು."

ನಾನು ದಿಲೀಪನ ಕಡೆ ನೋಡಿದೆ. ಅವನು ಕಿಟಕಿ ಕಡೆ ನೋಡುತ್ತಿದ್ದ.

ಅಳು ಬಂತು ಅಂದುಕೊಂಡಿರಾ? ಅಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ಅವನ ಮೇಲೆ ಎಸೆಯುವಷ್ಟು ಸಿಟ್ಟು. ಎಸೆಯಲಿಲ್ಲ. ಮೊಣಕಾಲೂರಿ ಕೂತು ರೂಟರ್ ಪಕ್ಕದ ಪ್ಲಗ್‌ಗೆ ಮೊದಲ ಅಡಾಪ್ಟರ್ ಚುಚ್ಚಿದೆ. ಎಷ್ಟು ಜೋರಾಗಿ ಚುಚ್ಚಿದೆನೆಂದರೆ ಕೃಷ್ಣಪ್ಪನವರು "ನಿಧಾನ ಕಣವ್ವ" ಅಂದರು.

"ಮೇಲಿನ ರೂಮ್ ತೋರ್ಸಿ ಸರ್," ಅಂದೆ ದಿಲೀಪನಿಗೆ.

ಆ 'ಸರ್' ಅವನಿಗೆ ನಾಟಿತು. ನಾಟಲಿ ಅಂತಲೇ ಅಂದದ್ದು.

ಮೇಲಿನ ರೂಮಿನಲ್ಲಿ ಹೊಸ ಮಂಚ, ಹೊಸ ಬೀರು, ಕಿಟಕಿಗೆ ತಿಳಿ ಗುಲಾಬಿ ಪರದೆ. ಮಂಚದ ಹಾಸಿಗೆಯ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. ಬಾಗಿಲ ಬಳಿ ಬಂದು ಅವನು ಪಿಸುಗುಟ್ಟಿದ.

"ಭಾನು, ನಾನು ಹೇಳಬೇಕು ಅಂತಲೇ ಇದ್ದೆ."

"ಯಾವಾಗ? ಮದುವೆ ಕಾರ್ಡಲ್ಲಾ?"

"ನಂಗೂ ಹೋದ ವಾರ ಗೊತ್ತಾಗಿದ್ದು. ಅಪ್ಪ ಅಮ್ಮನೇ ಮಾತಾಡ್ಕೊಂಡವ್ರೆ."

"ಹೋದ ವಾರ ನಾವು ಎರಡು ಸಲ ಸಿಕ್ಕಿದ್ವಿ. ಮಸಾಲೆ ದೋಸೆ ತಿಂದ್ವಿ. ಚಟ್ನಿ ಚೆನ್ನಾಗಿಲ್ಲ ಅಂತ ಕಾಲು ಗಂಟೆ ಬೈದೆ ನೀನು. ಇದನ್ನ ಹೇಳಕ್ಕೆ ಟೈಮ್ ಸಿಗಲಿಲ್ವಾ?"

"ನಿಂಗೆ ಬೇಜಾರಾಗುತ್ತೆ ಅಂತ..."

"ಈಗ ನೋಡು, ಎಷ್ಟು ಖುಷಿಯಾಗಿದೀನಿ."

ಅವನು ನನ್ನ ಕೈ ಹಿಡಿಯಲು ಬಂದ. ಸ್ಕ್ರೂ ಡ್ರೈವರ್ ಅಡ್ಡ ಹಿಡಿದೆ. ಅಷ್ಟು ಹೊತ್ತಿನ ಸಿಟ್ಟಿನ ನಡುವೆಯೂ ಅವನ ಶರ್ಟಿನ ಮೇಲಿನ ಗುಂಡಿ ಹೋಗಿರುವುದು ಕಣ್ಣಿಗೆ ಬಿತ್ತು. ಅದು ಕಣ್ಣಿಗೆ ಬಿದ್ದದ್ದಕ್ಕೆ ನನ್ನ ಮೇಲೆ ನನಗೇ ಇನ್ನಷ್ಟು ಸಿಟ್ಟು ಬಂತು.

"ನಿನ್ನ ತಂಗಿ ಮದುವೆ ಆಗಲಿ, ಆಮೇಲೆ ಮನೇಲಿ ಹೇಳ್ತೀನಿ ಅಂದೆ, ಆಯ್ತು. ಮನೆ ಪೈಂಟಾಗಲಿ, ಅಪ್ಪ ಆವಾಗ ಸಮಾಧಾನವಾಗಿರ್ತಾರೆ ಅಂದೆ. ಪೈಂಟೂ ಆಯ್ತು. ಇನ್ನೊಬ್ಬಳಿಗೆ ಮಂಚಾನೂ ಬಂತು. ಆ ಮಂಚದ ಪಕ್ಕ ನೆಟ್ ಹಾಕಕ್ಕೆ ನಾನೇ ಬಂದಿದೀನಿ. ಇನ್ನೇನಾಗಬೇಕು ದಿಲೀಪ?"

ಎರಡನೇ ಅಡಾಪ್ಟರನ್ನು ಮಂಚದ ಪಕ್ಕದ ಪ್ಲಗ್‌ಗೆ ಹಾಕಿ, ಎರಡೂ ಜೋಡಿಯಾಗುವ ಬಟನ್ ಒತ್ತಿದೆ. ಕೆಳಗೆ ಓಡಿ ಮೊದಲನೆಯದರ ಬಟನ್ನೂ ಒತ್ತಿ ಬಂದೆ. ಮೇಲಿನದರಲ್ಲಿ ಲೈಟ್ ಹತ್ತಲಿಲ್ಲ. ಮತ್ತೆ ಮಾಡಿದೆ. ಇಲ್ಲ.

ಗೇಟಿನ ಬಳಿ ತ್ರೀ ಫೇಸ್ ಮೀಟರ್ ನೋಡಿದ್ದು ನೆನಪಾಯಿತು. ಅಂದರೆ ಮೂರು ಬೇರೆ ಬೇರೆ ಕರೆಂಟ್ ಲೈನು; ಹಾಲ್‌ಗೆ ಒಂದು ಫೇಸ್, ಮೇಲಿನ ರೂಮಿಗೆ ಇನ್ನೊಂದು ಕೊಟ್ಟಿರಬೇಕು. ಹಾಗಿದ್ದರೆ ಈ ಡಬ್ಬಿಗಳು ಒಂದನ್ನೊಂದು ಗುರುತಿಸುವುದೇ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಬೋರ್ಡಲ್ಲಿ ಒಂದು ವೈರ್ ಬದಲಾಯಿಸಿ ಎರಡನ್ನೂ ಒಂದೇ ಫೇಸ್‌ಗೆ ತಂದರೆ ಆಯಿತು, ಹತ್ತು ನಿಮಿಷದ ಕೆಲಸ.

"ಬೋರ್ಡ್ ಎಲ್ಲಿದೆ?"

"ಅಡುಗೆಮನೇಲಿ," ಅಂದ ದಿಲೀಪ. ಅವನ ದನಿ ಸಣ್ಣಗಾಗಿತ್ತು. ಯಾಕೆ ಅಂತ ಕೆಳಗಿಳಿದ ಮೇಲೆ ತಿಳಿಯಿತು.

ಅಡುಗೆಮನೆ ಬಾಗಿಲಲ್ಲಿ ಅವನ ತಾಯಿ ಬೆಟ್ಟಮ್ಮನವರು ನಿಂತಿದ್ದರು. ಒಳ್ಳೆಯ ಮುಖ, ನಗುವ ಕಣ್ಣು.

"ಬಾರವ್ವ. ಇಷ್ಟ್ ಚಿಕ್ ವಯಸ್ಗೇ ಎಂಥಾ ಕೆಲ್ಸ ಕಲ್ತಿದ್ದೀಯ! ಯಾವೂರು ನಿಂದು?"

"ದುದ್ದ ಅಮ್ಮ."

"ದುದ್ದದಲ್ಲಿ ನಮ್ಮೋರು ಬೋ ಜನ ಅವ್ರೆ. ಯಾವ ಬೀದಿ?"

ಈ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನನಗೆ ಗೊತ್ತು. ಮೂರನೇ ಕ್ಲಾಸಿನಿಂದ ಗೊತ್ತು.

"ಕಾಲೋನಿ ಅಮ್ಮ."

ನಗು ಹಾಗೇ ಇತ್ತು. ಕಣ್ಣು ಮಾತ್ರ ಬದಲಾಯಿತು. ಅವರು ಬಾಗಿಲಿಗೆ ಅಡ್ಡವಾಗಿ ಇನ್ನೊಂದು ಹೆಜ್ಜೆ ಇಟ್ಟರು.

"ನೀನು ಇಲ್ಲೇ ಇರವ್ವ. ಒಳೀಕೆ ದೇವ್ರ ಮನೆ ಬ್ಯಾರೆ ಅದೆ. ಏನ್ ಮಾಡ್ಬೇಕು ಅಂತ ಏಳು, ನಮ್ ದಿಲೀಪ ಮಾಡ್ತಾನೆ."

"ಕರೆಂಟಿನ ಕೆಲಸ ಅಮ್ಮ. ಗೊತ್ತಿಲ್ಲದೋರು ಕೈ ಹಾಕಿದ್ರೆ ಜೀವಕ್ಕೇ ಅಪಾಯ."

"ಆಗಾದ್ರೆ ಬ್ಯಾಡ ಬುಡು. ನಾಳೀಕೆ ನಮ್ ವೈರ್‌ಮನ್ ಬೈರಯ್ಯನ್ನ ಕರುಸ್ತೀವಿ."

ನಾನು ತಿರುಗಿ ನೋಡಿದೆ. ದಿಲೀಪ ಮೆಟ್ಟಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೊನೆಗೆ ಹೇಳಿದ್ದು ಇಷ್ಟು: "ಹೋಗಲಿ ಬಿಡು ಭಾನು."

ಬೆಟ್ಟಮ್ಮ ಚುರುಕು. "ಭಾನುವಾ? ಎಸ್ರು ನಿಂಗೆಂಗ್ಲಾ ಗೊತ್ತು?"

ಹಾಲ್‌ನಲ್ಲಿ ಕೃಷ್ಣಪ್ಪನವರ ಟಿವಿ ನಿಂತಿತು.

"ಹೇಳು ದಿಲೀಪ," ಅಂದೆ. "ನಾನೂ ಕೇಳಿಸ್ಕೋಬೇಕು."

ಮೂವರೂ ಅವನನ್ನೇ ನೋಡುತ್ತಿದ್ದೆವು. ಈ ಹುಡುಗ ಈಗ ಹೇಳಿಬಿಡುತ್ತಾನೆ ಅಂತ ಅರೆಕ್ಷಣ ನಂಬಿದೆ.

"ನಮ್ ಕಾಲೇಜಿಗೆ... ಕೇಬಲ್ ಹಾಕಕ್ಕೆ ಬಂದಿದ್ರು," ಅಂದ.

ಮೇಲೆ ಹೋಗಿ ಆ ಅಡಾಪ್ಟರ್ ಕಿತ್ತೆ. ಕೆಳಗೆ ಬಂದು ಈ ಅಡಾಪ್ಟರ್ ಕಿತ್ತೆ. ಎರಡನ್ನೂ ಬ್ಯಾಗಿಗೆ ತುಂಬಿ ಕೃಷ್ಣಪ್ಪನವರಿಗೆ ಕೈಮುಗಿದೆ.

"ಬೇರೆ ಯಾರಿಂದಾದ್ರೂ ಮಾಡಿಸ್ಕೊಳ್ಳಿ ಸಾ. ಈ ಮನೇಲಿ ನನ್ನ ಕೈಲಾಗಲ್ಲ."

ಹಾಸನದವರೆಗೂ ಸ್ಕೂಟಿ ಹೇಗೆ ಓಡಿಸಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅವನನ್ನು ಬೈದೆ. ನನ್ನಪ್ಪನ ಬಾಯಲ್ಲೂ ಕೇಳಿರದ ಬೈಗುಳ ಎಲ್ಲಿಂದ ಬಂದವೋ! ಅಂಗಡಿಗೆ ಬಂದು ಅವನ ನಂಬರ್ ಬ್ಲಾಕ್ ಮಾಡಿದೆ.

ಅಣ್ಣ ನನ್ನ ಮುಖ ನೋಡಿ, "ಕೆಲಸ ಆಗ್ಲಿಲ್ವಾ?" ಅಂದ.

"ಮೂರು ವರ್ಷದ ಕೆಲಸ. ಆಗಲಿಲ್ಲ," ಅಂದೆ. ಅವನಿಗೆ ಎಲ್ಲ ಗೊತ್ತಿತ್ತು. ಮತ್ತೇನೂ ಕೇಳದೆ ಎರಡು ಕಾಫಿ ಹೇಳಿದ.

ಭಾನುವಾರ ಮಧ್ಯಾಹ್ನ ದುದ್ದದ ಮನೆಯ ಮುಂದೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಬೀದಿಯ ತುದಿಯಲ್ಲಿ ಯಾರೋ "ಡಿಪೋ ಶಿವಯ್ಯನವರ ಮನೆ ಯಾವುದು?" ಅಂತ ಕೇಳುವುದು ಕೇಳಿಸಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನನ್ನಪ್ಪನನ್ನು ಊರವರು ಕರೆಯುವುದೇ ಹಾಗೆ. ಆ ದನಿ ಮಾತ್ರ ಊರಿನದಲ್ಲ.

ದಿಲೀಪ ಬಿಸಿಲಲ್ಲಿ ಬೆವರುತ್ತಾ ಬಂದ. ಎಡಗೆನ್ನೆ ಊದಿತ್ತು.

"ಯಾಕೆ ಬಂದೆ?" ಅಂದೆ. "ಹೆಣ್ಣಿನ ಕಡೆಯೋರು ಕಾಯ್ತಿರ್ತಾರೆ. ಹೋಗು."

"ಬರಲ್ಲ ಅವರು. ನಿನ್ನೆ ಸಂಜೆ ನಾನೇ ಫೋನ್ ಮಾಡಿ ಬರಬೇಡಿ ಅಂದೆ. ತಪ್ಪಾಯ್ತು ಅಂತ ಕೇಳ್ಕೊಂಡೆ."

"ನಿಮ್ಮಪ್ಪಂಗೆ?"

"ಇವತ್ತು ಬೆಳಗ್ಗೆ." ಕೆನ್ನೆ ಮುಟ್ಟಿಕೊಂಡ. "ಅಮ್ಮನೂ ಅಲ್ಲೇ ಇದ್ರು."

"ಏನಂತ ಹೇಳಿದೆ? ಕೇಬಲ್ ಹಾಕಕ್ಕೆ ಬಂದಿದ್ರು ಅಂತಾನಾ?"

ಅವನು ಈ ಸಲ ತಲೆ ತಗ್ಗಿಸಲಿಲ್ಲ. "ಅವಳ ಹೆಸರು ಭಾನುಪ್ರಿಯಾ, ದುದ್ದದ ಕಾಲೋನಿಯ ಶಿವಯ್ಯನವರ ಮಗಳು, ಮದುವೆ ಆದ್ರೆ ಅವಳನ್ನೇ, ಅವತ್ತು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸಿದ್ರಲ್ಲ ಅವಳನ್ನೇ ಅಂತ."

ಅಪ್ಪ ಯಾವಾಗ ಹೊರಗೆ ಬಂದು ನಿಂತಿದ್ದರೋ. ಹಿಂದೆ ಅಣ್ಣ. ಅಕ್ಕಪಕ್ಕದ ಮನೆಗಳ ಬಾಗಿಲುಗಳೂ ತುಂಬಿದ್ದವು.

ಅಪ್ಪ ದಿಲೀಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಒದೆ ತಿಂದ್ ಬಂದಿದ್ದೀಯ ಅಂತ ನಾನು ಹೆಣ್ ಕೊಡಕ್ಕಾಯ್ತದಾ?"

"ಇಲ್ಲ. ಅವತ್ತು ಬಾಯಿ ಬಿಡಲಿಲ್ಲ, ಅದಕ್ಕೆ ಕ್ಷಮೆ ಕೇಳಕ್ಕೆ ಬಂದೆ. ಅವಳನ್ನೂ, ನಿಮ್ಮನ್ನೂ."

"ಮೂರು ವರ್ಷ!" ಅಂದೆ ನಾನು. ದನಿ ಏರಿತು. ಇಡೀ ಬೀದಿಗೆ ಕೇಳಿದರೆ ಕೇಳಲಿ. "ಮೂರು ವರ್ಷ ನಿನ್ನ ಹೆದರಿಕೆ ನಾನು ಹೊತ್ತೆ. ನಿಮ್ಮಮ್ಮ ಅಡ್ಡ ನಿಂತಿದ್ದಕ್ಕೆ ನಂಗೆ ಅಷ್ಟು ನೋವಾಗಲಿಲ್ಲ, ಅವರಿಗೆ ನಾನ್ಯಾರು ಅಂತ ಗೊತ್ತಿರಲಿಲ್ಲ. ನಿಂಗೆ ಗೊತ್ತಿತ್ತು. ನೀನು ಹೋಗಲಿ ಬಿಡು ಅಂದೆ!"

ಆಗ ಬಂತು ನೋಡಿ ಅಳು. ಸಿಟ್ಟಿನ ಅಳು. ಕೈಯಲ್ಲಿದ್ದ ಒದ್ದೆ ಟವೆಲ್ ಅವನ ಎದೆಗೆ ಎಸೆದೆ. ಅವನು ಅದನ್ನು ಹಿಡಿದುಕೊಂಡು ಹಾಗೇ ನಿಂತ.

"ನಂಗೆ ಸಿಟ್ಟು ಹೋಗಿಲ್ಲ," ಅಂದೆ.

"ಗೊತ್ತು."

"ಬೇಗ ಹೋಗೋದೂ ಇಲ್ಲ."

"ಗೊತ್ತು ಭಾನು."

ಅಪ್ಪ ಕೆಮ್ಮಿದರು. "ಬಿಸ್ಲಲ್ಲಿ ಯಾಕ್ ಜಗಳಾಡ್ತೀರಿ? ಒಳೀಕ್ ಬಂದು ಆಡಿ," ಅಂದು ಬಾಗಿಲು ಪೂರ್ತಿ ತೆರೆದರು.

ಅವತ್ತಿನಿಂದ ಅವನು ಹಾಸನದಲ್ಲಿ ಗೆಳೆಯನ ರೂಮಿನಲ್ಲಿದ್ದಾನೆ. ಕೃಷ್ಣಪ್ಪನವರು ಮಾತು ಬಿಟ್ಟಿದ್ದಾರೆ. ಬೆಟ್ಟಮ್ಮನವರು ಮಾತ್ರ ಗಂಡ ಮನೆಯಲ್ಲಿಲ್ಲದಾಗ ಫೋನ್ ಮಾಡಿ "ಉಂಡೇನ್ಲಾ?" ಅಂತ ಕೇಳುತ್ತಾರಂತೆ. ನನ್ನ ವಿಷಯ ಕೇಳುವುದಿಲ್ಲ. ಕೇಳಲಿ ಅಂತ ನಾನೂ ಕಾಯುತ್ತಿಲ್ಲ.

ಎರಡು ತಿಂಗಳು ಅವನನ್ನು ಸತಾಯಿಸಿದೆ. ದಿನಾ ಸಂಜೆ ಅಂಗಡಿಗೆ ಬರುತ್ತಿದ್ದ. ಒಂದು ದಿನ ಮಾತಾಡುತ್ತಿದ್ದೆ, ಎರಡು ದಿನ ಬಿಡುತ್ತಿದ್ದೆ. ಮಾತು ಬಿಟ್ಟ ದಿನವೂ ಕಾಫಿ ಬಂದಾಗ ಅವನ ಲೋಟಕ್ಕೆ ಸಕ್ಕರೆ ಹಾಕುವುದು ನನ್ನ ಕೈ ಮರೆಯಲಿಲ್ಲ. ಅವನು ನಗು ಅದುಮಿಕೊಳ್ಳುತ್ತಿದ್ದ. ನಾನು ನನ್ನನ್ನೇ ಗದರಿಸಿಕೊಳ್ಳುತ್ತಿದ್ದೆ.

ಹೋದ ಸೋಮವಾರ ಹಾಸನದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯ ನೋಟಿಸ್ ಕೊಟ್ಟೆವು. ಮೂವತ್ತು ದಿನ ನಮ್ಮಿಬ್ಬರ ಹೆಸರು, ಊರು, ಅಪ್ಪಂದಿರ ಹೆಸರು ಅಲ್ಲಿನ ಬೋರ್ಡಿನ ಮೇಲೆ ಇರುತ್ತವೆ. ಯಾರು ಬೇಕಾದರೂ ಓದಬಹುದು. ನಾನು ಸೈನ್ ಹಾಕುವಾಗ ದಿಲೀಪ ಪಕ್ಕದಿಂದ ಬಗ್ಗಿ ನೋಡುತ್ತಿದ್ದ. ಅವನ ಉಸಿರು ಕಿವಿಗೆ ತಾಕುತ್ತಿತ್ತು.

"ಇನ್ನೂ ಸಿಟ್ಟಿದೆಯಾ?" ಅಂದ.

"ಇದೆ."

"ಮತ್ತೆ ಸೈನ್ ಯಾಕೆ ಮಾಡ್ತಿದೀಯ?"

ಪೆನ್ನಿನ ಕ್ಯಾಪ್ ಹಾಕಿ ಅವನ ಕೈಗೆ ಕೊಟ್ಟೆ.

"ಸಿಟ್ಟು ಮಾಡ್ಕೊಳ್ಳಕ್ಕೂ ನೀನು ಹತ್ತಿರ ಇರಬೇಕಲ್ಲ. ಹಾಕು ಸೈನು."