ಕಾಲಡಿಯ ಎಣ್ಣೆ

೧೯೬೪ರ ನವೆಂಬರ್ ೧೬, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಗುರುಸಿದ್ದವ್ವ ಗಡಹಿಂಗ್ಲಜ ಠಾಣೆಯ ಮೆಟ್ಟಿಲೇರಿದಳು. ಹಿಂದಿನ ದಿನ ನೂಲದ ಹಾದಿಯ ಇಳಿಜಾರಿನಲ್ಲಿ ಅವಳ ಒಬ್ಬನೇ ಮಗ ಭೀಮಗೊಂಡ ಓಡಿಸುತ್ತಿದ್ದ ಬಾಡಿಗೆ ಕಾರು ಹುಣಸೆಮರಕ್ಕೆ ಬಡಿದಿತ್ತು. ಮಗ ಉಳಿಯಲಿಲ್ಲ.

"ಮಿಸ್ತ್ರಿ ಜಿನದತ್ತ ನನ್ನ ಮಗನ್ನ ಕೊಂದಾನ್ರಿ. ಎರಡ ಸಲ ಬ್ರೇಕ್ ರಿಪೇರಿ ಮಾಡ್ಯಾನ, ಎರಡೂ ಸಲ ಪೆಡಲ್ ಮತ್ತ ಮೆತ್ತಗಾತು."

ಫೌಜದಾರ ಕಾಕಾಸಾಹೇಬರು ಎಫ್‌ಐಆರ್ ಬರೆಸಿ, ಜಿನದತ್ತನನ್ನು ಲಾಕಪ್ಪಿಗೆ ಹಾಕಿಸಿದರು. ಕಾರನ್ನು ಎಳೆಸಿ ತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಅವರೇ ಒಳಗೆ ಕೂತು ಪೆಡಲ್ ಒತ್ತಿದರು. ಕೆಸರಿಗೆ ಕಾಲಿಟ್ಟಂತೆ ಅದು ನೆಲದವರೆಗೂ ಇಳಿಯಿತು. ಭೀಮಗೊಂಡನ ಕೊನೆಯ ಗಳಿಗೆ ಅವರ ಅಂಗಾಲಿಗೆ ತಿಳಿಯಿತು.

ಎರಡು ಗಂಟೆಗೆ ಪಂಚರ ಎದುರು ಜಿನದತ್ತನನ್ನು ಕರೆತಂದರು.

"ಪೈಪು ಒಡದಿಲ್ಲ. ಒಳಗ ಗಾಳಿ ಹೊಕ್ಕೈತೇನು?" ಕಾಕಾಸಾಹೇಬರು ಕೇಳಿದರು.

"ನೋಡೂಣ್ರಿ, ಸಾಹೇಬ್ರ."

ಅವನು ಗಾಲಿಯ ಬಳಿಯ ಸ್ಕ್ರೂ ಸಡಿಲಿಸಿದ. ಜಮಾದಾರ ಕಾಡಸಿದ್ದ ಪೆಡಲ್ ತುಳಿದ. ಎಣ್ಣೆ ಬಂತು, ಒಂದು ಗುಳ್ಳೆಯೂ ಬರಲಿಲ್ಲ.

"ಗಾಳಿ ಅಲ್ರಿ. ರಬ್ಬರ್ ನೋಡಬೇಕು."

"ರಬ್ಬರ್ ನಿಂದು, ರಿಪೇರಿ ನಿಂದು. ಸಾಕ್ಷಿನೂ ನೀನ ಹೇಳಿ ಮುಗಸೋ ಮಾರಾಯಾ!" ಕಾಡಸಿದ್ದ ಚುಚ್ಚಿದ.

ಚಾಲಕನ ಕಾಲಡಿಯ ಮುಚ್ಚಳದ ಕೆಳಗೆ ಬ್ರೇಕ್ ಎಣ್ಣೆಯ ಡಬ್ಬಿ. ಜಿನದತ್ತ ಅದನ್ನು ಬಿಚ್ಚಿದ. ಅದರೊಳಗಿನ ರಬ್ಬರುಗಳು ನೆನೆದ ಕಡಲೆಯಂತೆ ಉಬ್ಬಿದ್ದವು.

"ಒಂಬತ್ತ ದಿನದ ಹಿಂದ ಹೊಸಾವ ಹಾಕೇನ್ರಿ. ಮೊದಲಿನವೂ ಹಿಂಗ ಉಬ್ಬಿದ್ದೂ. ಮಾಲ ಖೋಟಾ ಅಂದ್ಕೊಂಡೆ. ತಿನ್ನೂ ಎಣ್ಣಿ ಬಿದ್ರ ಹಿಂಗಾಗತೈತ್ರಿ. ರಬ್ಬರ್ ಉಬ್ಬಿದ್ರ ಬ್ರೇಕ್ ಹಿಡಿಯೂದಿಲ್ರಿ."

ತಳದಲ್ಲಿ ಕೆಂಪು ಗಸಿಯಿತ್ತು. ಕಾಕಾಸಾಹೇಬರು ಬೆರಳಿಗೆ ಹಚ್ಚಿ ಮೂಸಿದರು. ಶೇಂಗಾ ಎಣ್ಣೆ. ಕೆಂಪು, ಶನಿವಾರ ಮಾರುತಿಗೆ ಹಚ್ಚುವ ಶೇಂದೂರ. ಪಂಚನಾಮೆಗೆ ಬರೆಸಿ ಅವರು ಗುರುಸಿದ್ದವ್ವನ ಮನೆಗೆ ಜೀಪು ಹೊರಡಿಸಿದರು.

ಸಂಜೆ ಐದಕ್ಕೆ ಹೊಳೆಯಾಚೆಯ ಮನೆ. ದೇವರ ಗೂಡಿನಲ್ಲಿ ಕೆಂಪು ಅಂಚಿನ ಹಿತ್ತಾಳೆಯ ಎಣ್ಣೆ ಬಟ್ಟಲು.

"ಅವ್ವಾ, ಈ ಎಣ್ಣಿ ಕಾರಿನಾಗ ಹಾಕೀರೇನು?"

"ಹೂಂನ್ರಿ, ಶನಿವಾರಕ್ಕೊಮ್ಮೆ. 'ಈ ಡಬ್ಬ್ಯಾಗ ಎಣ್ಣಿ ಇರೂತನಕ ನಾ ಜೀವಂತ ಮನಿಗೆ ಬರತೇನಬೇ' ಅಂತ ಭೀಮಗೊಂಡ ತೋರಿಸಿದ್ದ. ದೇವರ ಎಣ್ಣಿ ಅಲ್ಲೇನ್ರಿ?"

"ಪೆಡಲ್ ಮೆತ್ತಗಾತು ಅಂದಾಗ?"

"ಇನ್ನೊಂದೀಟ ಹಾಕಿದೆ."

ಹೇಳಿದ ಮಾತನ್ನು ಆಮೇಲೆ ಅವಳೇ ಕೇಳಿಸಿಕೊಂಡಳು. ಕಾಕಾಸಾಹೇಬರ ಬೆರಳಿನ ಕೆಂಪನ್ನು ನೋಡಿದಳು.

"ಜಿನದತ್ತನ್ನ ಬಿಡ್ರಿ," ಎಂದಳು.

ಆರು ಹತ್ತಕ್ಕೆ ಗುರುಸಿದ್ದವ್ವನ ದಸ್ತಗಿರಿ. ಕಲಮು, ನಿಷ್ಕಾಳಜಿಯಿಂದಾದ ಸಾವು. ನಿಷ್ಕಾಳಜಿ ಎಂದು ಬರೆಯುವಾಗ ಕಾಕಾಸಾಹೇಬರ ಲೇಖನಿ ನಿಂತಿತು. ಮಗ ಮನೆಗೆ ಬರಲೆಂದೇ ಹಾಕಿದ್ದಳು ಎಂದು ಕೆಳಗೆ ಒಂದು ಸಾಲು ಸೇರಿಸಿದರು.

ಜೀಪು ಹಿರಣ್ಯಕೇಶಿಯ ಸೇತುವೆಯತ್ತ ಇಳಿಯತೊಡಗಿತು. ಹಿಂದೆ ಕೂತ ಗುರುಸಿದ್ದವ್ವನ ಬರಿಗಾಲು ಜೀಪಿನ ನೆಲವನ್ನು ಬ್ರೇಕ್ ತುಳಿದಂತೆ ಒತ್ತಿತು. ಸ್ಟೀರಿಂಗ್ ಹಿಡಿದಿದ್ದ ಕಾಡಸಿದ್ದ ಗಾಡಿಯನ್ನು ನಿಧಾನ ಮಾಡಿದ. ಆ ಕಾಲು ಮಾತ್ರ ಮೇಲೇಳಲಿಲ್ಲ.